ಹಿಂಡಿಯ ಮೂಟೆಯಿಂದ ಹಾಲಿನ ಲೋಟಕ್ಕೆ

ಕಳೆದ ಕಾರ್ತಿಕದಲ್ಲಿ ಸಿರಾ ಕಡೆಯ ನಮ್ಮೂರಿಗೆ ಹೋಗಿದ್ದಾಗ ಅತ್ತಿಗೆ ಕೊಟ್ಟಿಗೆಯಲ್ಲಿ ಕೂತು ಕಡಲೆಕಾಯಿ ಹಿಂಡಿ ಒಡೆಯುತ್ತಿದ್ದರು. ಮೂಟೆಯನ್ನು ಗೋಡೆಗೆ ಒರಗಿಸಿದ್ದರು, ಕೆಳಗೆ ಬರಿ ನೆಲ. ಗುಂಡುಕಲ್ಲಿನಿಂದ ಕುಟ್ಟಿದ ಏಟಿಗೆ ಹಿಂಡಿಯ ಬಿಲ್ಲೆ ಎರಡು ಹೋಳಾಯಿತು. ಒಳಮೈಯಲ್ಲಿ ಅಂಗೈಯಗಲ ಹಸಿರು ಮಿಶ್ರಿತ ಬೂದಿ ಬಣ್ಣದ ಪುಡಿ ಕಟ್ಟಿತ್ತು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

‘ಇದನ್ನೂ ಹಾಕ್ತೀರಾ ಅತ್ತಿಗೆ?’ ಎಂದೆ.

‘ಮಳೆಗೆ ಒಂಚೂರು ಬೂಷ್ಟು ಬಂದದೆ ಕಣಪ್ಪ. ಕೆರೆದು ನೆನೆಹಾಕಿದ್ರೆ ಹೋಗುತ್ತೆ. ಹಸ ಇಷ್ಟಪಟ್ಟೇ ತಿನ್ನುತ್ತೆ, ಹಾಲೂ ಕಮ್ಮಿ ಮಾಡಿಲ್ಲ’ ಎಂದರು.

ಅವರ ಮಾತಿನಲ್ಲಿ ಎರಡು ಅಂಶ ಸರಿ. ಹಸು ಅದನ್ನು ತಿನ್ನುತ್ತದೆ, ಹಾಲು ಕಮ್ಮಿ ಮಾಡುವುದಿಲ್ಲ. ನೆನೆಹಾಕಿದರೆ ಹೋಗುತ್ತದೆ ಎನ್ನುವುದು ಮಾತ್ರ ಸರಿಯಲ್ಲ. ಆ ಬೂಷ್ಟು ಹಿಂಡಿಯೊಳಗೆ ಬಿಟ್ಟುಹೋಗುವ ವಿಷ ನೆನೆಸಿದ ನೀರಿನಲ್ಲಿ ಕರಗಿ ಹೋಗುವಂಥದ್ದಲ್ಲ, ಬೇಯಿಸಿದರೆ ಸಾಯುವಂಥದ್ದೂ ಅಲ್ಲ. ಮೇಲಿನ ಪುಡಿ ಕೆರೆದರೂ ಅದು ಒಳಗೇ ಉಳಿದಿರುತ್ತದೆ. ಹಸುವಿನ ಹೊಟ್ಟೆ ಸೇರಿ, ಪಿತ್ತಜನಕಾಂಗದಲ್ಲಿ ರೂಪ ಬದಲಿಸಿ, ಒಂದು ದಿನದೊಳಗೆ ಕೆಚ್ಚಲಿಗೆ ಇಳಿಯುತ್ತದೆ. ಆ ಹಾಲಿನ ಬಣ್ಣ ಬೇರೆಯಾಗುವುದಿಲ್ಲ, ರುಚಿ ಕೆಡುವುದಿಲ್ಲ, ಕಾಯಿಸಿದರೆ ಒಡೆಯುವುದಿಲ್ಲ. ಡೇರಿಗೆ ಒಯ್ದರೆ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡೂ ಚೆನ್ನಾಗಿ ಬಂದು ಚೀಟಿಯಲ್ಲಿ ಒಳ್ಳೆಯ ದರವೇ ಬೀಳುತ್ತದೆ.

ಹಾಲು ಕೆಟ್ಟಿದೆ ಎಂದರೆ ನಮಗೆ ಮೊದಲು ನೆನಪಾಗುವುದು ನೀರು, ಯೂರಿಯಾ, ಸೋಪಿನ ಪುಡಿ. ಬೆರೆಸಿದವನನ್ನು ಹಿಡಿದು ಶಿಕ್ಷಿಸಿದರೆ ಮುಗಿಯಿತು ಎಂಬ ಭಾವನೆ. ಇದು ಯಾರೂ ಬೆರೆಸದ ವಿಷ. ಹೊಲದಲ್ಲಿ ಹುಟ್ಟಿ, ಗೋದಾಮಿನಲ್ಲಿ ಬೆಳೆದು, ಗಾಣವನ್ನು ದಾಟಿ, ಹಸುವಿನ ಮೂಲಕ ಮಗುವಿನ ಲೋಟಕ್ಕೆ ಬರುತ್ತದೆ. ಇದರ ಬಗ್ಗೆ ಜಗತ್ತು ಅರವತ್ತು ವರ್ಷಗಳಲ್ಲಿ ಕಲಿತದ್ದನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು: ಈ ವಿಷದಿಂದ ಹಾಲನ್ನು ಡೇರಿಯಲ್ಲಿ ಕಾಯಲಾಗದು, ಹಿಂಡಿಯ ಮೂಟೆಯಲ್ಲಿಯೇ ಕಾಯಬೇಕು. ಆದರೆ ಮೂಟೆ ಕೆಟ್ಟಿದೆ ಎಂದು ನಂಬಿಕೆಯಿಂದ ಹೇಳಬಲ್ಲ ಸಾಕ್ಷಿ ಹಾಲೇ. ಈ ಎರಡನ್ನೂ ಜೋಡಿಸುವ ಕೊಂಡಿ ನಮ್ಮಲ್ಲಿ ಸಡಿಲವಾಗಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ಗೊತ್ತಾಗದೆ ಅದಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದು ಹೆಸರಿಟ್ಟರು. ಸೋಂಕು ಹುಡುಕಿದವರಿಗೆ ಸೋಂಕು ಸಿಗಲಿಲ್ಲ, ಮೇವು ಹುಡುಕಿದವರಿಗೆ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅದರಲ್ಲಿದ್ದದ್ದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಆ ಹೆಸರಿನ ಎರಡೂ ಪದಗಳ ತಲೆಯಕ್ಷರಗಳನ್ನು ಕೂಡಿಸಿ ಅದರ ವಿಷವನ್ನು ಅಫ್ಲಾಟಾಕ್ಸಿನ್ ಎಂದು ಕರೆದರು. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆದದ್ದು ‘ಬಿ’, ಹಸಿರಾಗಿ ಹೊಳೆದದ್ದು ‘ಜಿ’. ಇವುಗಳಲ್ಲಿ ಬಿ1 ಎಲ್ಲಕ್ಕಿಂತ ಕ್ರೂರಿ. 1963ರಲ್ಲಿ ಆಲ್‌ಕ್ರಾಫ್ಟ್ ಮತ್ತು ಕಾರ್ನಾಘನ್ ಎಂಬ ಇಬ್ಬರು ಸಂಶೋಧಕರು ಇಂಥ ಹಿಂಡಿ ತಿಂದ ಹಸುಗಳ ಹಾಲಿನ ಸಾರವನ್ನು ಬಾತುಕೋಳಿ ಮರಿಗಳಿಗೆ ಕೊಟ್ಟು ನೋಡಿದರು. ಮರಿಗಳ ಪಿತ್ತಜನಕಾಂಗದಲ್ಲಿ ಅದೇ ಗಾಯ ಕಂಡಿತು. ಹಾಲಿನಲ್ಲಿ ಸಿಕ್ಕ ಈ ವಿಷಕ್ಕೆ, ಹಾಲಿನ ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು, ‘ಎಂ’ ಎಂಬ ಗುರುತು ಬಂತು. ನಾವು ಇಲ್ಲಿ ಮಾತಾಡುತ್ತಿರುವುದು ಆ ಎಂ1 ಬಗ್ಗೆ.

ನಮ್ಮ ದೇಶಕ್ಕೆ ಅಫ್ಲಾಟಾಕ್ಸಿನ್ನಿನ ಪರಿಚಯ ಭೀಕರವಾಗಿಯೇ ಆಯಿತು. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸ್‌ವಾಡಾ ಜಿಲ್ಲೆಗಳ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜನ ಕಾಮಾಲೆಯಿಂದ ಮಲಗಿದರು. 397 ಮಂದಿಗೆ ಕಾಯಿಲೆಯಾಗಿ 106 ಮಂದಿ ತೀರಿಕೊಂಡರು. ಅದೇ ಊಟ ತಿಂದ ನಾಯಿಗಳೂ ಸತ್ತಿದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹೋಗಿ ನೋಡಿದಾಗ, ಕಟಾವಿನ ಹೊತ್ತಿಗೆ ಸುರಿದ ಅಕಾಲದ ಮಳೆಯಲ್ಲಿ ನೆನೆದ ಜೋಳ, ಅಂದರೆ ನಮ್ಮ ಕಡೆ ಮುಸುಕಿನ ಜೋಳ ಎನ್ನುತ್ತೇವಲ್ಲ ಅದು, ಮನೆಯ ಕಣಜಗಳಲ್ಲಿ ಬೂಷ್ಟು ಹಿಡಿದಿತ್ತು. ತಿನ್ನಲು ಬೇರೇನೂ ಇಲ್ಲದ ಬಡವರು ಅದನ್ನೇ ವಾರಗಟ್ಟಲೆ ತಿಂದಿದ್ದರು.

ಹಾಲಿನಿಂದ ಹೀಗೆ ಯಾರೂ ಸಾಯುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಯಾಕೆಂದರೆ ಸುದ್ದಿ ಕೇಳಿ ಹೆದರಿ ಮಕ್ಕಳಿಗೆ ಹಾಲು ನಿಲ್ಲಿಸುವ ತಾಯಂದಿರನ್ನು ನಾನು ಕಂಡಿದ್ದೇನೆ. ಹಾಲಿಗೆ ಇಳಿಯುವ ಪ್ರಮಾಣ ತೀರಾ ಸಣ್ಣದು. ಎಂ1ನ ಕ್ಯಾನ್ಸರ್ ತರುವ ಶಕ್ತಿ ಬಿ1ನ ಸುಮಾರು ಹತ್ತನೇ ಒಂದು ಪಾಲು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2001ರಲ್ಲಿ ಲೆಕ್ಕ ಹಾಕಿದೆ. ಆತಂಕ ಇರುವುದು ಬೇರೆ ಕಡೆ. ದೇಹದ ತೂಕಕ್ಕೆ ಹೋಲಿಸಿದರೆ ಎಲ್ಲರಿಗಿಂತ ಹೆಚ್ಚು ಹಾಲು ಕುಡಿಯುವವರು ಮಕ್ಕಳು. ಅವರು ದಿನ ತಪ್ಪಿಸದೆ, ವರ್ಷಗಟ್ಟಲೆ ಕುಡಿಯುತ್ತಾರೆ. ಹಾಲಿನ ಜೊತೆಗೆ ಕಡಲೆಬೀಜ, ಜೋಳ, ಮೆಣಸಿನಕಾಯಿ ಇವುಗಳಿಂದಲೂ ಅಷ್ಟಷ್ಟು ಬಿ1 ಒಳಗೆ ಹೋಗುತ್ತಿರುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರ ಪಿತ್ತಜನಕಾಂಗದ ಮೇಲೆ ಬಿ1 ಉಳಿದವರಿಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಅಪಾಯ ತರುತ್ತದೆ. ಒಟ್ಟು ಹೊರೆಯಲ್ಲಿ ಹಾಲಿನ ಪಾಲು ಚಿಕ್ಕದಾದರೂ, ಅದನ್ನು ಹೊರುವವರು ಚಿಕ್ಕ ಮಕ್ಕಳು.

ಎಷ್ಟು ಇದ್ದರೆ ತಪ್ಪು ಎನ್ನುವುದರಲ್ಲಿ ಜಗತ್ತು ಒಮ್ಮತಕ್ಕೆ ಬಂದಿಲ್ಲ. ಯೂರೋಪಿನ ಒಕ್ಕೂಟದಲ್ಲಿ ಒಂದು ಕೆ.ಜಿ. ಹಾಲಿಗೆ 0.05 ಮೈಕ್ರೋಗ್ರಾಂ, ಹಸುಗೂಸುಗಳ ಆಹಾರಕ್ಕೆ ಅದರರ್ಧ. ಅಮೆರಿಕದಲ್ಲಿ 0.5. ಅಂತರರಾಷ್ಟ್ರೀಯ ಕೋಡೆಕ್ಸ್ ಮಟ್ಟವೂ 0.5, ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಇಟ್ಟಿರುವುದೂ ಅದೇ. ಹತ್ತು ಪಟ್ಟು ವ್ಯತ್ಯಾಸ ಕಂಡು ‘ಅವರ ಮಕ್ಕಳಿಗೆ ಒಂದು, ನಮ್ಮ ಮಕ್ಕಳಿಗೆ ಒಂದೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೇಲೆ ಹೇಳಿದ ತಜ್ಞರ ಸಮಿತಿ ಈ ಎರಡೂ ಮಿತಿಗಳನ್ನು ತೂಗಿ ನೋಡಿ, ಕ್ಯಾನ್ಸರ್ ಅಪಾಯದಲ್ಲಿ ಅವುಗಳ ನಡುವಿನ ಅಂತರ ಬಹಳ ಸಣ್ಣದು ಎಂದಿತ್ತು. ನನ್ನ ಅಭಿಪ್ರಾಯವೂ ಇದೇ: ಕಾಗದದ ಮೇಲಿನ 0.05ಕ್ಕಿಂತ, ಪ್ರತಿ ಟ್ಯಾಂಕರಿನಲ್ಲೂ ಪಾಲನೆಯಾಗುವ 0.5 ಮಗುವಿಗೆ ಹೆಚ್ಚು ರಕ್ಷಣೆ ಕೊಡುತ್ತದೆ.

ಈ 0.5 ಮೈಕ್ರೋಗ್ರಾಂ ಎಂದರೆ ಎಷ್ಟು? ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ಹಾಲು ಮಿತಿಯ ಗೆರೆಯ ಮೇಲೆಯೇ ನಿಂತಿದ್ದರೆ, ಅದರಲ್ಲಿರುವ ಎಂ1 ಒಟ್ಟು 5 ಮಿಲಿಗ್ರಾಂ. ಒಂದೆರಡು ಸಾಸಿವೆ ಕಾಳಿನ ತೂಕ. ಇದನ್ನು ಕಣ್ಣು, ಮೂಗು, ನಾಲಿಗೆ ಹಿಡಿಯುವುದು ಸಾಧ್ಯವೇ ಇಲ್ಲ. ಹಸುವಿನಲ್ಲೂ ಕುರುಹು ಕಾಣದು. ಕೋಳಿ, ಬಾತುಗಳಿಗೆ ಹೋಲಿಸಿದರೆ ಮೆಲುಕು ಹಾಕುವ ಪ್ರಾಣಿಗಳು ಗಟ್ಟಿ. ವಿಷ ಅತಿಯಾದರೆ ಮಾತ್ರ ಹಾಲು ಇಳಿಯುವುದು, ಗಬ್ಬ ನಿಲ್ಲದಿರುವುದು, ರೋಗ ತಡೆಯುವ ಶಕ್ತಿ ಕುಂದುವುದು ಕಾಣುತ್ತದೆ. ಅದಕ್ಕೆ ಬಹಳ ಮೊದಲೇ ಹಾಲು ಮಿತಿ ದಾಟಿರುತ್ತದೆ.

ಹಸು ತಿಂದ ಬಿ1ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಎಂ1 ಆಗಿ ಹಾಲಿಗೆ ಬರುತ್ತದೆ. ಹೆಚ್ಚು ಹಾಲು ಕೊಡುವ ತಳಿಗಳಲ್ಲಿ ಆರರವರೆಗೂ ಹೋಗುತ್ತದೆ. ಅತ್ತಿಗೆಯ ಎಚ್‌ಎಫ್ ಹಸುವನ್ನೇ ತೆಗೆದುಕೊಳ್ಳಿ, ದಿನಕ್ಕೆ ಎಂಟು ಲೀಟರ್ ಹಾಲು, ಒಂದು ಕೆ.ಜಿ. ಹಿಂಡಿ. ಹಿಂಡಿಯಲ್ಲಿ ಕೆ.ಜಿ.ಗೆ 200 ಮೈಕ್ರೋಗ್ರಾಂ ಬಿ1 ಇತ್ತೆನ್ನಿ. ಅದರ ನೂರಕ್ಕೆರಡು ಪಾಲು ಎಂದರೆ 4 ಮೈಕ್ರೋಗ್ರಾಂ. ಎಂಟು ಲೀಟರಿಗೆ ಹಂಚಿದರೆ ಲೀಟರಿಗೆ 0.5. ಅಲ್ಲಿಗೆ ಮಿತಿ ಮುಟ್ಟಿತು. ಅದೇ ಹಸುವಿಗೆ, ಭಾರತೀಯ ಮಾನಕ ಬ್ಯೂರೋ ಹೇಳುವಂತೆ 20 ಮೈಕ್ರೋಗ್ರಾಂ ಮೀರದ ಪಶು ಆಹಾರವನ್ನು ದಿನಕ್ಕೆ ಐದು ಕೆ.ಜಿ. ಹಾಕಿದರೂ ಹಾಲಿನಲ್ಲಿ 0.25 ದಾಟುವುದಿಲ್ಲ. ಇಡೀ ಮೇವಿನ ರಾಶಿಯಲ್ಲಿ ಒಂದೇ ಒಂದು ಕೆಟ್ಟ ಪದಾರ್ಥ ಸಾಕು, ಹಾಲು ಕೆಡಲು. ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ. ಆ ಒಂದನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲಿನಿಂದ ಎಂ1 ಬಹುಪಾಲು ಮಾಯವಾಗುತ್ತದೆ. ಇಷ್ಟು ಬೇಗ ಸರಿಪಡಿಸಬಹುದಾದ ಆಹಾರ ವಿಷ ಇನ್ನೊಂದನ್ನು ನಾನು ಕಾಣೆ.

ಹಾಗಾದರೆ ಕೆಟ್ಟ ಹಿಂಡಿ ಎಲ್ಲಿಂದ ಬರುತ್ತದೆ? ಬೂಷ್ಟು ಹಿಡಿಯಲು ತೇವ ಬೇಕು, ಮಳೆಗಾಲದಲ್ಲಿ ಮಾತ್ರ ಹಿಡಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಈ ಬೂಷ್ಟಿನ ರೀತಿ ಬೇರೆ. ಹೊಲದಲ್ಲಿ ಅದಕ್ಕೆ ಬರವೇ ಹಬ್ಬ. ಕಾಯಿ ಬಲಿಯುವ ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟು ನೆಲ ಕಾದರೆ, ಕಡಲೆಗಿಡ ಸೊರಗಿ ಕಾಯಿಗೆ ತಡೆಯುವ ಶಕ್ತಿ ಹೋಗುತ್ತದೆ, ಮಣ್ಣಿನಲ್ಲೇ ಇರುವ ಬೂಷ್ಟು ಒಳಗೆ ನುಗ್ಗುತ್ತದೆ. ಚಳ್ಳಕೆರೆ, ಪಾವಗಡ, ಆ ಕಡೆಯ ಅನಂತಪುರ, ಇಡೀ ಮಳೆಯಾಶ್ರಿತ ಕಡಲೆಕಾಯಿ ಸೀಮೆಗೆ ಈ ಕೊನೆಗಾಲದ ಬರ ಹೊಸದಲ್ಲ. ಕಿತ್ತ ಮೇಲೆ ಆಟ ತಿರುಗುತ್ತದೆ, ಆಗ ತೇವವೇ ಶತ್ರು. ಕಾಯಿಯನ್ನು ಸರಿಯಾಗಿ ಒಣಗಿಸದೆ ಮೂಟೆ ಕಟ್ಟುವುದು, ಬೀಜ ಮುರಿಯದಿರಲಿ ಎಂದು ಸುಲಿಯುವ ಯಂತ್ರಕ್ಕೆ ಹಾಕುವ ಮೊದಲು ಕಾಯಿಗೆ ನೀರು ಚಿಮುಕಿಸುವುದು, ಇವೆಲ್ಲ ಬೂಷ್ಟಿಗೆ ನಾವೇ ಕೈಯಾರೆ ಕೊಡುವ ಆಹ್ವಾನ. ದಾವಣಗೆರೆ, ಹಾವೇರಿ ಕಡೆ ಅಕ್ಟೋಬರ್ ನವೆಂಬರಿನಲ್ಲಿ ಹೆದ್ದಾರಿಯ ಅಂಚಿಗೆ ಮೈಲುಗಟ್ಟಲೆ ಹರಡಿದ ಮೆಕ್ಕೆಜೋಳ ನೋಡಿಲ್ಲದವರಿಲ್ಲ. ರೈತನಿಗೆ ಟಾರು ರಸ್ತೆ ಬಿಟ್ಟರೆ ಬೇರೆ ಕಣವಿಲ್ಲ. ಸಂಜೆ ಒಂದು ಹದ ಮಳೆ ಬಂದರೆ ಟಾರ್ಪಾಲು ಹೊದಿಸುವಷ್ಟರಲ್ಲಿ ಅರ್ಧ ನೆನೆದಿರುತ್ತದೆ. ತೇವ ನೂರಕ್ಕೆ ಹದಿಮೂರಕ್ಕೆ ಇಳಿಯುವ ತನಕ ಆ ಜೋಳವನ್ನು ಚೀಲಕ್ಕೆ ತುಂಬಬಾರದು. ಸಾಲ ತೀರಿಸುವ ಅವಸರದಲ್ಲಿ ಎಷ್ಟು ಮಂದಿಗೆ ಅಲ್ಲಿಯವರೆಗೆ ಕಾಯಲು ಆದೀತು?

ಇದಕ್ಕಿಂತ ದೊಡ್ಡ ಕಾರಣವೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಕಡಲೆಬೀಜ ವಿದೇಶಕ್ಕೆ ಹೋಗಬೇಕಾದರೆ ಅಫ್ಲಾಟಾಕ್ಸಿನ್ ಪರೀಕ್ಷೆ ದಾಟಬೇಕು. ಹಾಗಾಗಿ ಬೀಜವನ್ನು ಆರಿಸುತ್ತಾರೆ, ಯಂತ್ರದ ಕಣ್ಣಿನಿಂದಲೂ ಹೆಣ್ಣುಮಕ್ಕಳ ಕೈಯಿಂದಲೂ. ಗುಂಡಗಿನ, ಗುಲಾಬಿ ಬಣ್ಣದ ಬೀಜ ಒಂದು ಕಡೆ. ಸುಕ್ಕಿದ್ದು, ಮುರಿದದ್ದು, ಹುಳ ಕೊರೆದದ್ದು, ಬಣ್ಣಗೆಟ್ಟದ್ದು ಇನ್ನೊಂದು ಕಡೆ. ವಿಷ ಗುಂಪುಗೂಡಿರುವುದು ಈ ಎರಡನೆಯ ರಾಶಿಯಲ್ಲಿಯೇ. ಆ ರಾಶಿ ತಿಪ್ಪೆಗೆ ಹೋಗುವುದಿಲ್ಲ, ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಹಿಂಡಿದಾಗ ವಿಷದ ಬಹುಪಾಲು ಎಣ್ಣೆಗೆ ಬರದೆ ಹಿಂಡಿಯಲ್ಲಿ ನಿಲ್ಲುತ್ತದೆ. ಎಣ್ಣೆಯ ತೂಕ ಹೊರಟುಹೋದ್ದರಿಂದ ಉಳಿದ ಹಿಂಡಿಯಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಎಣ್ಣೆಯಲ್ಲಿ ಅಷ್ಟಿಷ್ಟು ಸೇರಿದ್ದನ್ನು ಶುದ್ಧೀಕರಣ ಘಟಕ ತೆಗೆಯುತ್ತದೆ. ಹಿಂಡಿಗೆ ಅಂಥ ಯಾವ ಶುದ್ಧೀಕರಣವೂ ಇಲ್ಲ. ನಾವು ನಮ್ಮ ತಟ್ಟೆಯಿಂದ ಆರಿಸಿ ಹೊರಗಿಟ್ಟ ಬೀಜ ಹಸುವನ್ನು ಸುತ್ತಿಕೊಂಡು ಹಾಲಾಗಿ ಅದೇ ತಟ್ಟೆಯ ಪಕ್ಕಕ್ಕೆ ಬಂದು ಕೂರುತ್ತದೆ. ಹತ್ತಿಬೀಜದ ಹಿಂಡಿ, ಮಳೆಗೆ ಸಿಕ್ಕ ಮೆಕ್ಕೆಜೋಳ, ಗೋದಾಮಿನ ತಳ ಕೆರೆದ ನುಚ್ಚು, ಎಲ್ಲದರದ್ದೂ ಇದೇ ದಾರಿ. ಮನುಷ್ಯನಿಗೆ ಬೇಡವಾದದ್ದು ದನಕ್ಕೆ ಎಂಬ ಹಳೆಯ ರೂಢಿ, ಹುಲ್ಲು ತೌಡಿನ ವಿಷಯದಲ್ಲಿ ಎಷ್ಟು ವಿವೇಕದ್ದೋ ಇಲ್ಲಿ ಅಷ್ಟೇ ಅಪಾಯದ್ದು.

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದ ಸುತ್ತಲಿನ ಹೈನುಗಾರಿಕೆಯಲ್ಲಿ ಇದೇ ಕಥೆಯ ಇನ್ನೊಂದು ರೂಪ ಹತ್ತು ವರ್ಷದ ಹಿಂದೆ ಬೆಳಕಿಗೆ ಬಂತು. ಅಲ್ಲಿನ ರೈತರು ನೂಗ್ ಎಂಬ ಎಣ್ಣೆಕಾಳಿನ ಹಿಂಡಿಯನ್ನು ಹಸುಗಳಿಗೆ ಹಾಕುತ್ತಾರೆ. ನೂಗ್ ಎಂದರೆ ನಮ್ಮ ಹುಚ್ಚೆಳ್ಳು, ಉತ್ತರದವರ ಗುರೆಳ್ಳು. ಸಂಶೋಧಕರು ಹಾಲಿನ ಮಾದರಿ ತೆಗೆದು ನೋಡಿದಾಗ ಹತ್ತರಲ್ಲಿ ಒಂಬತ್ತು ಯೂರೋಪಿನ ಮಿತಿಯನ್ನು ಮೀರಿದ್ದವು, ನಾಲ್ಕರಲ್ಲಿ ಒಂದು 0.5ನ್ನೂ ದಾಟಿತ್ತು. ಮೇವಿನ ಒಂದೊಂದೇ ಪದಾರ್ಥವನ್ನು ಬಿಡಿಸಿ ನೋಡಿದರೆ ಬೆರಳು ತೋರಿದ್ದು ನೂಗ್ ಹಿಂಡಿಯ ಕಡೆಗೆ. ಒಂದು ಪದಾರ್ಥ, ಇಡೀ ನಗರದ ಹಾಲು.

ಯೂರೋಪಿಗೂ ಈ ಪಾಠ ಸುಲಭದಲ್ಲಿ ಸಿಗಲಿಲ್ಲ. 2012ರ ಬೇಸಿಗೆಯಲ್ಲಿ ಬಾಲ್ಕನ್ ದೇಶಗಳಲ್ಲಿ ಭಾರಿ ಬರ. ಮೆಕ್ಕೆಜೋಳದಲ್ಲಿ ಬೂಷ್ಟು ಸೇರಿ, 2013ರ ಫೆಬ್ರವರಿ ಹೊತ್ತಿಗೆ ಸರ್ಬಿಯಾದ ಅಂಗಡಿಗಳ ಹಾಲು ಮಿತಿ ದಾಟಿತು. ಸರ್ಕಾರ ಮಾಡಿದ್ದೇನು? ಮಿತಿಯನ್ನೇ 0.05ರಿಂದ 0.5ಕ್ಕೆ ಏರಿಸಿತು. ನೆನ್ನೆ ಕೆಟ್ಟಿದ್ದ ಹಾಲು ಇವತ್ತು ಒಳ್ಳೆಯದಾಯಿತು. ಸಂಖ್ಯೆ ಅವೈಜ್ಞಾನಿಕವೆಂದು ನಾನು ಹೇಳುತ್ತಿಲ್ಲ, ಅದು ನಮ್ಮದೇ ಸಂಖ್ಯೆ. ಆದರೆ ಬಿಕ್ಕಟ್ಟಿನ ನಡುವೆ ಅಳತೆಗೋಲು ಬದಲಿಸಿದರೆ ಜನರ ನಂಬಿಕೆ ಉಳಿಯುವುದಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ ಒಂದು ಹಸುವಿನ ಫಾರಂನ ಹಾಲಿನಲ್ಲಿ ಎಂ1 ಹೆಚ್ಚು ಕಂಡಿತು. ಅಧಿಕಾರಿಗಳು ಹಾಲಿನಿಂದ ಮೇವಿಗೆ, ಮೇವಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಹಡಗಿಗೆ ಹಿಂದೆ ಹಿಂದೆ ನಡೆದು ಸರ್ಬಿಯಾದಿಂದ ಬಂದ 45,000 ಟನ್ ಜೋಳವನ್ನು ಮುಟ್ಟಿದರು. ಅದರಲ್ಲಿ 10,000 ಟನ್ ಆಗಲೇ ಪಶು ಆಹಾರವಾಗಿ ಮೂರೂವರೆ ಸಾವಿರಕ್ಕೂ ಹೆಚ್ಚು ಫಾರಂಗಳಿಗೆ ಹಂಚಿಹೋಗಿತ್ತು. ಯಾವ ಚೀಲ ಯಾವ ಕೊಟ್ಟಿಗೆಗೆ ಹೋಯಿತು ಎಂಬ ದಾಖಲೆ ಇದ್ದದ್ದರಿಂದ ಫಾರಂಗಳ ಪಟ್ಟಿ ಕೆಲವೇ ದಿನಗಳಲ್ಲಿ ಸಿದ್ಧವಾಯಿತು. ಹಾಲು ಸಾಕ್ಷಿ ನುಡಿಯಿತು, ಚೀಲದ ಚೀಟಿ ದಾರಿ ತೋರಿತು. ನಮಗೆ ಬೇಕಾದ ಕೊಂಡಿ ಎಂದು ಮೊದಲು ಹೇಳಿದ್ದು ಇದನ್ನೇ.

ನಮ್ಮ ಸ್ಥಿತಿ ಹೇಗಿದೆ? 2018ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ 1,103 ಪಟ್ಟಣ ನಗರಗಳಿಂದ 6,432 ಹಾಲಿನ ಮಾದರಿ ತೆಗೆಸಿತು. ಮುಂದಿನ ವರ್ಷ ಫಲಿತಾಂಶ ಹೊರಬಿದ್ದಾಗ ಎಲ್ಲರೂ ಕಾಯುತ್ತಿದ್ದದ್ದು ಕಲಬೆರಕೆಯ ಸಂಖ್ಯೆಗೆ. ಅದು ಬರೀ 12. ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368 ಮಾದರಿಗಳಲ್ಲಿ, ನೂರಕ್ಕೆ 5.7. ತಮಿಳುನಾಡಿನ 551ರಲ್ಲಿ 88, ದೆಹಲಿಯ 262ರಲ್ಲಿ 38, ಕೇರಳದ 187ರಲ್ಲಿ 37. ಕಚ್ಚಾ ಹಾಲಿಗಿಂತ ಸಂಸ್ಕರಿಸಿದ ಪ್ಯಾಕೆಟ್ ಹಾಲಿನಲ್ಲೇ ಹೆಚ್ಚು ಸಿಕ್ಕಿತ್ತು. ಯಾಕೆ ಹೀಗೆಂದು ಗಾಬರಿಯಾಗಬೇಕಿಲ್ಲ. ಪಾಶ್ಚೀಕರಣ ರೋಗಾಣುಗಳನ್ನು ಕೊಲ್ಲುತ್ತದೆ, ಈ ವಿಷವನ್ನು ಮುಟ್ಟುವುದಿಲ್ಲ. ಯುಎಚ್‌ಟಿಯೂ ಇಲ್ಲ, ನಮ್ಮ ಒಲೆಯ ಮೇಲಿನ ಮೂರು ಉಕ್ಕೂ ಇಲ್ಲ. ಹಾಲಿನ ಕಾರ್ಖಾನೆಗೆ ಏನು ಬಂತೋ ಅದೇ ಹೊರಗೆ ಹೋಗುತ್ತದೆ. ಎಂ1ಗೆ ಹಾಲಿನ ಕೇಸೀನ್ ಪ್ರೋಟೀನನ್ನು ಅಂಟಿಕೊಳ್ಳುವ ಗುಣವೂ ಇರುವುದರಿಂದ ಚೀಸಿನಲ್ಲಿ ಅದು ಮೂರರಿಂದ ಐದು ಪಟ್ಟು ದಟ್ಟವಾಗುತ್ತದೆ. ಪನೀರು, ಖೋವಾಗಳಲ್ಲೂ ಏರುತ್ತದೆ, ತುಪ್ಪದಲ್ಲಿ ಬಹಳ ಕಡಿಮೆ. ನಮ್ಮ ಶಾಲೆಗಳಲ್ಲಿ 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯದಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ಮಾಡಿ ಕೊಡುತ್ತಾರೆ. ಪುಡಿ ಮಾಡಿದಾಗ ದಟ್ಟವಾದದ್ದು ನೀರು ಬೆರೆಸಿದಾಗ ಮೊದಲಿನ ಮಟ್ಟಕ್ಕೇ ಬರುತ್ತದೆ, ಹೆಚ್ಚಾಗುವುದಿಲ್ಲ. ಆದರೆ ಲಕ್ಷಾಂತರ ಮಕ್ಕಳು ಒಂದೇ ಗೋದಾಮಿನ ಪುಡಿ ಕುಡಿಯುವಾಗ, ಪುಡಿಯ ಪ್ರತಿ ಬ್ಯಾಚನ್ನೂ ಎಂ1ಗೆ ನೋಡುವುದು ಹಾಲಿನಷ್ಟೇ ಮುಖ್ಯ.

ಪರೀಕ್ಷೆಯ ವಿಷಯದಲ್ಲಿ ಪ್ರಕೃತಿ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ, ಅದನ್ನು ನಾವು ಬಳಸಿಕೊಂಡಿಲ್ಲ. ಹಿಂಡಿ, ಕಾಳುಗಳಲ್ಲಿ ವಿಷ ಒಂದೇ ಸಮನೆ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೆರಡು ಬೀಜ ಭಯಂಕರವಾಗಿ ಕೆಟ್ಟಿರುತ್ತವೆ, ಉಳಿದವು ಶುದ್ಧ. ಒಂದು ಮೂಟೆಯಿಂದ ಒಂದು ಹಿಡಿ ತೆಗೆದು ನೋಡಿದರೆ ಸಿಗುವುದು ಅದೃಷ್ಟದ ಉತ್ತರ. ಅದಕ್ಕೇ ದೊಡ್ಡ ಲಾಟುಗಳಲ್ಲಿ ನೂರು ಕಡೆ ಚುಚ್ಚಿ ಮಾದರಿ ತೆಗೆದು, ಎಲ್ಲವನ್ನೂ ಒಟ್ಟಿಗೆ ಬೀಸಿ, ಅದರಿಂದ ಚೂರು ತೆಗೆಯುವ ಕ್ರಮ ಯೂರೋಪಿನಲ್ಲಿದೆ. ಹಾಲಿನಲ್ಲಿ ಆ ಕಷ್ಟವಿಲ್ಲ. ಹಸುವೇ ತಿಂದದ್ದನ್ನೆಲ್ಲ ಬೀಸಿ ಬೆರೆಸಿ ಸಾರ ಕೊಟ್ಟಿರುತ್ತದೆ. ಊರಿನ ಡೇರಿಯ ಶೀತಲ ಘಟಕದ ತೊಟ್ಟಿಯಲ್ಲಿ ಕದಡಿದ ಹಾಲಿನ ಒಂದು ಸೌಟು, ಆ ಊರು ನಿನ್ನೆ ತನ್ನ ಹಸುಗಳಿಗೆ ಏನು ಹಾಕಿತು ಎಂಬುದರ ವರದಿ.

ಈ ಸೌಟಿಗೆ ಪಟ್ಟಿಯ ಪರೀಕ್ಷೆ ಇದೆ. ಗರ್ಭಪರೀಕ್ಷೆಯ ಪಟ್ಟಿಯಂಥದ್ದೇ, ಹತ್ತು ಹದಿನೈದು ನಿಮಿಷದಲ್ಲಿ ಗೆರೆ ಮೂಡಿ ಮಿತಿಯ ಒಳಗೋ ಹೊರಗೋ ಎಂದು ಹೇಳುತ್ತದೆ. ಅನುಮಾನ ಬಂದರೆ ಒಕ್ಕೂಟದ ಪ್ರಯೋಗಾಲಯದಲ್ಲಿ ಎಲೈಸಾ, ಕೋರ್ಟಿನಲ್ಲಿ ನಿಲ್ಲುವ ಖಚಿತ ಉತ್ತರಕ್ಕೆ ಎಚ್‌ಪಿಎಲ್‌ಸಿ. ತಂತ್ರಜ್ಞಾನದ ಕೊರತೆ ಇಲ್ಲ. ಎಲ್ಲಿ ನೋಡುತ್ತೇವೆ ಎನ್ನುವುದು ಪ್ರಶ್ನೆ. ಟ್ಯಾಂಕರ್ ಕಾರ್ಖಾನೆಯ ಬಾಗಿಲಿಗೆ ಬಂದಾಗ ಮಾತ್ರ ನೋಡಿದರೆ ಹತ್ತು ಹಳ್ಳಿಗಳ ಹಾಲು ಬೆರೆತಿರುತ್ತದೆ. ಒಂದು ಹಳ್ಳಿಯ ಕೆಟ್ಟ ಹಿಂಡಿ ಒಂಬತ್ತು ಹಳ್ಳಿಗಳ ಹಾಲಿನಲ್ಲಿ ಅಡಗಿ ಪಾಸಾಗುತ್ತದೆ. ಆ ಹಳ್ಳಿಯೊಳಗೇ ಕರೆದ ಹಾಲು ಕರೆದಂತೆ ಕುಡಿಯುವ ಮಕ್ಕಳಿಗೆ ಬೆರಕೆಯ ಆ ಉಪಕಾರವೂ ಇಲ್ಲ. ಟ್ಯಾಂಕರ್ ಫೇಲಾದರೆ ಇನ್ನೂ ಕಷ್ಟ: ಹಾಲು ಚೆಲ್ಲಿದರೂ ಯಾವ ಊರಿನದ್ದು, ಯಾವ ಅಂಗಡಿಯ ಹಿಂಡಿ ಎಂದು ತಿಳಿಯದೆ ನಾಳೆ ಮತ್ತೆ ಅದೇ ಹಾಲು ಬರುತ್ತದೆ. ಶೀತಲ ಘಟಕಗಳಲ್ಲಿ ಸರದಿಯಂತೆ ಪಟ್ಟಿ ಹಾಕಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ, ಹಸಿರು ಮೇವು ಒಣಗಿ ಹಿಂಡಿಯ ಪಾಲು ಏರುವ ಬೇಸಿಗೆಯಲ್ಲಿ ಸರದಿ ಬೇಗ ಬೇಗ ತಿರುಗಬೇಕು. ಗೆರೆ ಕೆಟ್ಟು ಬಂದ ದಿನ ಹುಡುಕಾಟ ಹೋಗಬೇಕಾದ್ದು ಹಾಲು ಹಾಕಿದವರ ಮೇಲಲ್ಲ, ಅವರು ಕೊಂಡ ಚೀಲದ ಮೇಲೆ.

ತಡೆಯುವ ದಾರಿಗಳಲ್ಲಿ ಒಣಗಿಸುವುದು, ಒಣಗಿಸಿದ್ದನ್ನು ನೆಲದಿಂದ ಎತ್ತಿ ಇಡುವುದು ಎಲ್ಲಕ್ಕಿಂತ ಹಳೆಯವು, ಅಗ್ಗದವು. ಹೊಲದಲ್ಲೇ ತಡೆಯುವ ಸೊಗಸಾದ ಉಪಾಯವೊಂದನ್ನು ಅಮೆರಿಕದ ಅರಿಜೋನಾದಲ್ಲಿ ಪೀಟರ್ ಕಾಟಿ ಎಂಬ ವಿಜ್ಞಾನಿ ಬೆಳೆಸಿದರು. ಇದೇ ಬೂಷ್ಟಿನಲ್ಲಿ ವಿಷ ಮಾಡಲು ಬಾರದ ತಳಿಗಳೂ ಇವೆ. ಅವನ್ನು ಬಿಳಿಜೋಳದಂಥ ಕಾಳಿಗೆ ಲೇಪಿಸಿ, ಬೆಳೆ ಹೂವಾಗುವ ಎರಡು ಮೂರು ವಾರ ಮೊದಲು ಹೊಲಕ್ಕೆ ಎರಚುತ್ತಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಸಾಧು ತಳಿ ಮೊದಲೇ ಜಾಗ ಹಿಡಿಯುತ್ತದೆ, ವಿಷದ ತಳಿಗೆ ಎಡೆ ಸಿಗುವುದಿಲ್ಲ. ನೈಜೀರಿಯಾದ ಇಬಾದಾನಿನಲ್ಲಿರುವ ಉಷ್ಣವಲಯ ಕೃಷಿ ಸಂಸ್ಥೆ ಇದನ್ನು ‘ಅಫ್ಲಾಸೇಫ್’ ಎಂಬ ಹೆಸರಿನಲ್ಲಿ ಆಫ್ರಿಕದ ಹಲವು ದೇಶಗಳಿಗೆ ಒಯ್ದಿದೆ. ವಿಷ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಳಿದ ಹೊಲಗಳಿವೆ. ಅಲ್ಲಿ ಕೂಡ ಆಯಾ ದೇಶದ ಮಣ್ಣಿನಿಂದಲೇ ತಳಿ ಆರಿಸುತ್ತಾರೆ. ನಮ್ಮ ಕಡಲೆಕಾಯಿ ಸೀಮೆಗೆ ಇಂಥದ್ದೊಂದು ಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ, ಯಾಕೆಂದರೆ ಕೊನೆಗಾಲದ ಬರವನ್ನು ನಿಲ್ಲಿಸುವ ಶಕ್ತಿ ಯಾವ ರೈತನಿಗೂ ಇಲ್ಲ.

ಮೇವಿಗೆ ಬೆಂಟೊನೈಟ್ ಜೇಡಿ ಬೆರೆಸುವುದು ಇನ್ನೊಂದು ಉಪಾಯ. ಜೇಡಿಯ ಪದರಗಳ ನಡುವೆ ವಿಷ ಸಿಕ್ಕಿಕೊಂಡು ಸಗಣಿಯಲ್ಲಿ ಹೊರಹೋಗುತ್ತದೆ, ಹಾಲಿಗೆ ಬರುವುದು ಸುಮಾರು ಅರ್ಧಕ್ಕೆ ಇಳಿಯಬಹುದು. ಯೂರೋಪು 2013ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗ, ಮೊದಲೇ ಮಿತಿಯೊಳಗಿರುವ ಮೇವಿಗೆ ಮಾತ್ರ ಎಂದು ಷರತ್ತು ಹಾಕಿತು. ಕೆಟ್ಟ ಹಿಂಡಿಯನ್ನು ದಾಟಿಸಲು ಜೇಡಿ ಪರವಾನಗಿ ಆಗಬಾರದೆಂಬ ಈ ಎಚ್ಚರ ನಮಗೂ ಬೇಕು. ಹತ್ತಿಬೀಜಕ್ಕೆ ಅಮೋನಿಯಾ ಹಾಯಿಸಿ ವಿಷ ಮುರಿಯುವ ವಿಧಾನ ಅರಿಜೋನಾದಲ್ಲಿ ಫಲ ಕೊಟ್ಟಿದೆ. ಅದು ದೊಡ್ಡ ಕಾರ್ಖಾನೆಯ ಕೆಲಸ, ಕೊಟ್ಟಿಗೆಯದ್ದಲ್ಲ.

ಇನ್ನು ಕಾನೂನು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಆಹಾರ’ ಎಂಬ ಪದದ ಅರ್ಥ ಹೇಳುವಾಗಲೇ ಪಶು ಆಹಾರವನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ಹಾಲಿನಲ್ಲಿ ವಿಷ ಸಿಕ್ಕರೆ ಕೇಳುವ ಅಧಿಕಾರ ಇರುವವರಿಗೆ, ಆ ವಿಷ ಹೊರಟ ಹಿಂಡಿಯ ಅಂಗಡಿಯ ಮೆಟ್ಟಿಲು ಹತ್ತುವ ನೇರ ಅಧಿಕಾರ ಸಿಗಲಿಲ್ಲ. ಮಾನಕ ಬ್ಯೂರೋದ 20 ಮೈಕ್ರೋಗ್ರಾಂ ಮಿತಿ ಇರುವುದು ಕಾರ್ಖಾನೆಯಲ್ಲಿ ತಯಾರಾಗುವ ಮಿಶ್ರ ಪಶು ಆಹಾರಕ್ಕೆ. ಪೇಟೆಯ ಅಂಗಡಿಯಲ್ಲಿ ಬಿಡಿಯಾಗಿ ತೂಗುವ ಹಿಂಡಿಯ ಚೀಲದ ಮೇಲೆ ಎಷ್ಟೋ ಸಲ ಯಾವ ಮಿಲ್ಲು, ಯಾವ ತಿಂಗಳು ಎಂಬುದೂ ಇರುವುದಿಲ್ಲ. ಜರ್ಮನಿಯವರು ಹಿಂದೆ ನಡೆದ ಹಾದಿಯಲ್ಲಿ ನಾವು ಮೊದಲ ಹೆಜ್ಜೆಗೇ ನಿಲ್ಲುತ್ತೇವೆ.

ಈ ಎಲ್ಲವನ್ನೂ ಅತ್ತಿಗೆಗೆ ಅವರ ಭಾಷೆಯಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಸರಿ ಕಣಪ್ಪ, ದುಡ್ಡು ಕೊಟ್ಟು ತಂದ ಮೂಟೆ. ಈಗ ಏನ್ ಮಾಡ್ಲಿ?’

ಅಮೆರಿಕದಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಹಾಲು ಕರೆಯುವ ಹಸುವಿನ ಮೆಕ್ಕೆಜೋಳಕ್ಕೆ ಕೆ.ಜಿ.ಗೆ 20 ಮೈಕ್ರೋಗ್ರಾಂ ಮಿತಿ, ಮಾಂಸಕ್ಕೆ ಕೊಬ್ಬಿಸುವ ಕೊನೆ ಹಂತದ ದನಕ್ಕೆ 300ರವರೆಗೆ. ಅಂದರೆ ಕೆಟ್ಟದ್ದಕ್ಕೂ ಒಂದು ಅಳೆದ ಜಾಗ ಇದೆ. ನಮ್ಮ ಕೊಟ್ಟಿಗೆಯಲ್ಲಿ ಅಳೆಯುವವರಿಲ್ಲ. ಕೋಳಿಗೆ ಹಾಕೋಣವೆಂದರೆ ಕೋಳಿ ಹಸುವಿಗಿಂತ ಮೊದಲು ಸಾಯುತ್ತದೆ. ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಫೋನಿನಲ್ಲೇ ಹೇಳಿದ. ಡೇರಿ ಸಂಘಗಳ ಮೂಲಕವೇ ಹಿಂಡಿ ಕೊಟ್ಟು, ಬೂಷ್ಟು ಬಂದ ಚೀಲವನ್ನು ಸಂಘವೇ ಬದಲಿಸಿಕೊಡುವ ಏರ್ಪಾಟು ಇದ್ದಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಆ ನಷ್ಟವನ್ನು ಎರಡು ಹಸು ಸಾಕಿದ ಹೆಂಗಸಿನ ತಲೆಗೆ ಕಟ್ಟಿ, ಪಟ್ಟಣದ ಮಕ್ಕಳಿಗೆ ಶುದ್ಧ ಹಾಲು ಬೇಕು ಎನ್ನುವುದು ನ್ಯಾಯವಲ್ಲ.

ಮಧ್ಯಾಹ್ನ ಅಣ್ಣ ತಿಪ್ಪೆಯ ಪಕ್ಕ ಗುಂಡಿ ತೋಡಿದ. ಅರ್ಧಕ್ಕಿಂತ ಹೆಚ್ಚಿದ್ದ ಮೂಟೆಯನ್ನು ಸುರಿದು ಮಣ್ಣು ಮುಚ್ಚಿದೆವು. ಅತ್ತಿಗೆ ಖಾಲಿ ಚೀಲವನ್ನು ಕೊಡವಿ ಮಡಿಸಿ, ಆಮೇಲೆ ಏನೋ ಯೋಚಿಸಿ ಅದನ್ನೂ ಗುಂಡಿಗೆ ಹಾಕಿದರು. ಹೊಸ ಮೂಟೆ ಬಂದಾಗ ಹಳೇ ಬಾಗಿಲಿನ ಎರಡು ಹಲಗೆಗಳನ್ನು ಇಟ್ಟಿಗೆಯ ಮೇಲೆ ಜೋಡಿಸಿ, ಗೋಡೆಯಿಂದ ಒಂದು ಮೊಳ ದೂರ ಇರಿಸಿದೆವು. ಐದನೆಯ ದಿನ ಬೆಳಿಗ್ಗೆ ಅವರ ಜೊತೆ ಡೇರಿಗೆ ಹೋದೆ. ಕಾರ್ಯದರ್ಶಿ ಸೌಟಿನಲ್ಲಿ ಹಾಲು ತೆಗೆದು ಯಂತ್ರಕ್ಕೆ ಇಟ್ಟ, ಚೀಟಿ ಹರಿದು ಕೊಟ್ಟ. ಫ್ಯಾಟು ಹಿಂದಿನ ವಾರದಷ್ಟೇ, ಎಸ್‌ಎನ್‌ಎಫ್ ಅಷ್ಟೇ, ದರವೂ ಅಷ್ಟೇ.